ಹೂವು ಬೆಳೆದವರು ಒಬ್ಬರು, ಪರಿಹಾರ ಬಂದದ್ದು ಇನ್ನೊಬ್ಬರಿಗೆ: ಕಂದಾಯ, ತೋಟಗಾರಿಕೆ, ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2020ರ ಮಾರ್ಚ್ 25 ಯುಗಾದಿ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹೂವಿನ ಬೆಳೆಗಾರರು ಆ ಹಬ್ಬಕ್ಕೆ, ಅದರ ಹಿಂದೆಯೇ ಬರುವ ಶ್ರೀರಾಮನವಮಿಗೆ, ಊರ ಜಾತ್ರೆಗಳಿಗೆ, ಮದುವೆಗಳಿಗೆ ಲೆಕ್ಕ ಹಾಕಿ ಡಿಸೆಂಬರ್–ಜನವರಿಯಲ್ಲೇ ನಾಟಿ ಮಾಡಿದ್ದರು. ಅದೇ ದಿನ ಕೊರೊನಾ ಲಾಕ್‌ಡೌನಿನಿಂದ ದೇಶಕ್ಕೆ ಬೀಗ ಬಿತ್ತು. ಗಿಡಕ್ಕೆ ಯಾವ ರೋಗವೂ ಬರಲಿಲ್ಲ, ಆಲಿಕಲ್ಲೂ ಬೀಳಲಿಲ್ಲ. ಹೂವು ಚೆನ್ನಾಗಿಯೇ ಅರಳಿತು. ಕೊಳ್ಳುವವರು ಇರಲಿಲ್ಲ, ಅಷ್ಟೇ. ಸೇವಂತಿಗೆಯನ್ನು ಗಿಡದಲ್ಲೇ ಬಿಟ್ಟರೆ ಹೂವು ಅಲ್ಲೇ ಕೊಳೆತು ಮುಂದಿನ ಮೊಗ್ಗಿಗೂ ಹಾನಿ. ಹಾಗಾಗಿ ಕೂಲಿ ಕೊಟ್ಟು ಬಿಡಿಸಿ, ಮೂಟೆ ಕಟ್ಟಿ, ಬದುವಿನ ಮೇಲೆ ಸುರಿಯಬೇಕಾಯಿತು. ಅದೂ ಆಗದವರು ಅರಳಿ ನಿಂತ ಚೆಂಡು ಹೂವಿನ ಮೇಲೆ ರೋಟವೇಟರ್ ಹೊಡೆಸಿದರು.

ಸರ್ಕಾರ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪುತ್ತೇವೆ. 2020ರ ಮೇ 6ರಂದು ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ ಎಂದು ಘೋಷಣೆಯಾಯಿತು. ಮೇ 14ಕ್ಕೆ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000. ಎರಡನೇ ಅಲೆಯಲ್ಲಿ, 2021ರ ಮೇ 19ರಂದು, ಹೂವು, ಹಣ್ಣು, ತರಕಾರಿ ಮೂರಕ್ಕೂ ಹೆಕ್ಟೇರಿಗೆ 10,000. ಈ ಮೊತ್ತಗಳು ಸಾಲವು ಎಂದು ವಾದಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಹಣ ಯಾವ ದಾರಿಯಲ್ಲಿ ಹರಿಯಿತು, ಎಲ್ಲಿ ಸೋರಿತು, ಯಾರ ಬಾಗಿಲಿಗೆ ಬರಲೇ ಇಲ್ಲ ಎಂಬುದು ನಮ್ಮ ವಿಷಯ. ಯಾಕೆಂದರೆ ಅದೇ ಕೊಳವೆಯಲ್ಲಿ ನೀವು 2023–24ರ ಬರ ಪರಿಹಾರವನ್ನೂ ಹರಿಸಿದಿರಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷವದು. ನಾಳೆ ಇನ್ನೊಂದು ಆಪತ್ತು ಬಂದರೆ ಅದೇ ಕೊಳವೆಯನ್ನೇ ತೆರೆಯುತ್ತೀರಿ.

ಮೊದಲು ಲೆಕ್ಕ ನೋಡೋಣ. ಆದೇಶಗಳೆಲ್ಲ ಹೆಕ್ಟೇರಿನಲ್ಲಿ ಬರುತ್ತವೆ, ನಮ್ಮ ಕಡೆಯ ಹೂವು ಗುಂಟೆಯಲ್ಲಿ ಬೆಳೆಯುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. 25,000ವನ್ನು ಗುಂಟೆಗೆ ಇಳಿಸಿದರೆ 253 ರೂಪಾಯಿ. 2021ರ ದರದಲ್ಲಿ 101 ರೂಪಾಯಿ. ಹತ್ತು ಗುಂಟೆ ಕನಕಾಂಬರ ಇಟ್ಟ ಹೆಣ್ಣುಮಗಳಿಗೆ ಮೊದಲ ಸಲ 2,500, ಎರಡನೇ ಸಲ ಸಾವಿರ ರೂಪಾಯಿ ಚಿಲ್ಲರೆ. ಆ ಸಾವಿರಕ್ಕಾಗಿ ಪಹಣಿ ತೆಗೆಸಿ, ಜೆರಾಕ್ಸ್ ಮಾಡಿಸಿ, ಹೋಬಳಿ ಕೇಂದ್ರಕ್ಕೆ ಒಮ್ಮೆ, ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಒಮ್ಮೆ, ಬ್ಯಾಂಕಿಗೆ ಎರಡು ಸಲ ಓಡಾಡಿದರೆ ಕೈಯಲ್ಲಿ ಉಳಿಯುವುದೆಷ್ಟು? ಅದೂ ಬಸ್ಸಿಲ್ಲದ ದಿನಗಳಲ್ಲಿ. ಗರಿಷ್ಠ ಮಿತಿ ಇಟ್ಟಂತೆ ಕನಿಷ್ಠ ಮೊತ್ತವನ್ನೂ ಆದೇಶದಲ್ಲೇ ಬರೆಯಬೇಕು ಎನ್ನುವುದಕ್ಕೆ ಇದೇ ಕಾರಣ.

ಮೆಕ್ಕೆಜೋಳದ್ದು ಇದರ ತಿರುಗುಮುರುಗು. ಅಲ್ಲಿ ವಿಸ್ತೀರ್ಣ ಲೆಕ್ಕಕ್ಕಿಲ್ಲ, ತಲೆಗೆ 5,000. ಅಣ್ಣತಮ್ಮಂದಿರು ಮೂವರು ಭಾಗವಾಗಿ ಮೂರು ಖಾತೆ ಆಗಿದ್ದರೆ ಮನೆಗೆ 15,000. ಅದೇ ಮೂರು ಎಕರೆ ಜಂಟಿ ಖಾತೆಯಲ್ಲೇ ಇದ್ದರೆ ಒಬ್ಬರಿಗೆ 5,000, ಅದಕ್ಕೂ ಉಳಿದ ಇಬ್ಬರ ಒಪ್ಪಿಗೆ ಪತ್ರ. ನೆಲ ಅದೇ, ಜೋಳ ಅದೇ, ದುಡಿದ ಕೈಗಳೂ ಅವೇ. ಕಾಗದ ಮಾತ್ರ ಬೇರೆ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಈ ಪರಿಹಾರಗಳೆಲ್ಲ ಎರಡು ಕಂಬಗಳ ಮೇಲೆ ನಿಂತಿವೆ. ಒಂದು ಪಹಣಿ, ಇನ್ನೊಂದು ಬೆಳೆ ಸಮೀಕ್ಷೆ. ಜಮೀನು ಯಾರದು ಎಂದು ಪಹಣಿ ಹೇಳುತ್ತದೆ, ಅದರಲ್ಲಿ ಏನಿದೆ ಎಂದು ಸಮೀಕ್ಷೆ ಹೇಳುತ್ತದೆ. ಬೆಳೆದವರು ಯಾರು, ಕಳೆದುಕೊಂಡವರು ಯಾರು ಎಂದು ಎರಡೂ ಹೇಳುವುದಿಲ್ಲ.

ಸಮೀಕ್ಷೆ ವರ್ಷಕ್ಕೆ ಮೂರು ಸಲ: ಮುಂಗಾರು, ಹಿಂಗಾರು, ಬೇಸಿಗೆ. ಜಮೀನಿಗೆ ಹೋಗಿ, ಆ್ಯಪ್‌ನಲ್ಲಿ ಸರ್ವೆ ನಂಬರ್ ಆರಿಸಿ, ಗಡಿಯೊಳಗೆ ನಿಂತು ಫೋಟೊ ತೆಗೆದು, ಬೆಳೆಯ ಹೆಸರು, ವಿಸ್ತೀರ್ಣ, ನೀರಿನ ಮೂಲ ತುಂಬಬೇಕು. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಇದನ್ನು ಮಾಡಬಹುದು. ಇಲ್ಲದಿದ್ದರೆ ಸಮೀಕ್ಷೆಗೆಂದು ಗೊತ್ತುಮಾಡಿದ ಊರಿನ ಖಾಸಗಿ ನಿವಾಸಿಗಳು, ನಮ್ಮ ಬಾಯಲ್ಲಿ ಪಿ.ಆರ್., ಮಾಡುತ್ತಾರೆ. ರಾಗಿ, ತೊಗರಿ, ನೆಲಗಡಲೆ, ಮಾವಿಗೆ ಈ ಏರ್ಪಾಡು ಸಾಕು. ಮಾವಿನ ಮರ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಮೆಂತ್ಯ ಸೊಪ್ಪಿನ ಆಯುಸ್ಸು ಒಂದು ತಿಂಗಳು, ಕೊತ್ತಂಬರಿಯದು ನಲವತ್ತು–ನಲವತ್ತೈದು ದಿನ, ಬೀನ್ಸಿನದು ಎರಡು ತಿಂಗಳ ಚಿಲ್ಲರೆ. ಫೆಬ್ರವರಿಯಲ್ಲಿ ಹಾಕಿದ ಕೊತ್ತಂಬರಿಯನ್ನು ಏಪ್ರಿಲ್ ಮೊದಲ ವಾರ ಉತ್ತುಹಾಕಿದ ಹೊಲಕ್ಕೆ ಮೇ ತಿಂಗಳಲ್ಲಿ ಯಾರಾದರೂ ಬಂದು ಫೋಟೊ ತೆಗೆದರೆ ಕಾಣುವುದು ಬರೀ ಮಣ್ಣು. ಆ್ಯಪ್‌ನಲ್ಲಿ ‘ಬೀಳು’ ಎಂದು ದಾಖಲಾಗುತ್ತದೆ. ಯಾರ ನಷ್ಟ ದೊಡ್ಡದೋ ಅವರ ಹೊಲವೇ ದಾಖಲೆಯಲ್ಲಿ ಖಾಲಿ. ಕಟಾವು ಮಾಡದೆ ಗಿಡ ಹಾಗೇ ಬಿಟ್ಟವರಿಗೆ ಸಾಕ್ಷಿ ಉಳಿಯಿತು. ಮುಂದಿನ ಬೆಳೆಗೆ ಸಾಲ ಮಾಡಿ ಹೊಲ ಹದ ಮಾಡಿದವರಿಗೆ ಉಳಿಯಲಿಲ್ಲ.

ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ನಕ್ಷೆ ಮಾಡದ, ಜಮೀನಿನ ತೊಡಕು ಬೇರೆ. ಒಂದೇ ಸರ್ವೆ ನಂಬರಿನಲ್ಲಿ ಐದು ಹಿಸ್ಸೆ, ಐದು ಸಂಸಾರ. ನಕ್ಷೆಯಲ್ಲಿ ಎಲ್ಲ ಒಂದೇ ತುಂಡು. ಮೂಡಣ ಮೂಲೆಯ ಗುಲಾಬಿಯ ಫೋಟೊ ಪಡುವಣ ಮೂಲೆಯ ರಾಗಿಯವರ ಹೆಸರಿಗೆ ಕೂರುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಇನ್ನು ಮಿಶ್ರ ಬೆಳೆ. ತೆಂಗಿನ ಸಾಲಿನ ನಡುವೆ ಕನಕಾಂಬರ, ಟೊಮೆಟೊ ಮಡಿಯ ಅಂಚಿಗೆ ಚೆಂಡು ಹೂವು. ಸಮೀಕ್ಷೆಯವರು ಅವಸರದಲ್ಲಿದ್ದರೆ ಮುಖ್ಯ ಬೆಳೆ ಒಂದನ್ನೇ ಬರೆದು ಮುಂದಿನ ಹೊಲಕ್ಕೆ ನಡೆಯುತ್ತಾರೆ. ‘ತೆಂಗು’ ಎಂದು ದಾಖಲಾದ ಮೇಲೆ ಹೂವಿನ ಪರಿಹಾರ ಕೇಳಲು ಆಧಾರವೇ ಇಲ್ಲ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕುವ ಅವಕಾಶವಿದೆ ನಿಜ. ಆದರೆ ಸಮೀಕ್ಷೆ ಮುಗಿದದ್ದು, ತಪ್ಪಾದದ್ದು ರೈತರಿಗೆ ಗೊತ್ತಾಗುವುದು ಪರಿಹಾರದ ಪಟ್ಟಿ ಹೊರಬಿದ್ದ ಮೇಲೆ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ದಾಟಿರುತ್ತದೆ. ಸಮೀಕ್ಷೆ ದಾಖಲಾದ ದಿನವೇ ಖಾತೆದಾರರ ಮೊಬೈಲಿಗೆ ‘ನಿಮ್ಮ ಇಂಥ ಸರ್ವೆ ನಂಬರಿನಲ್ಲಿ ಇಂಥ ಬೆಳೆ, ಇಷ್ಟು ಗುಂಟೆ’ ಎಂದು ಒಂದು ಸಾಲು ಕನ್ನಡದಲ್ಲಿ ಹೋದರೆ ಈ ತಕರಾರಿನಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತದೆ.

ಗುತ್ತಿಗೆಗೆ, ವಾರಕ್ಕೆ (ಫಸಲಿನ ಪಾಲಿಗೆ) ಮಾಡುವವರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಬೋರ್‌ವೆಲ್ ಇರುವ ಜಮೀನು ಒಬ್ಬರದು, ಅದರ ಒಡೆಯರು ಬೆಂಗಳೂರಿನಲ್ಲಿ. ಹೂವು, ತರಕಾರಿ ಬೆಳೆಯುವವರು ಅದನ್ನು ವರ್ಷಕ್ಕೆ ಇಷ್ಟು ಎಂದು ಬಾಯಿಮಾತಿನಲ್ಲಿ ಹಿಡಿದವರು. ಡ್ರಿಪ್ ಪೈಪು, ಮಲ್ಚಿಂಗ್ ಪೇಪರ್, ನರ್ಸರಿ ಸಸಿ, ಔಷಧಿ, ಕೂಲಿ ಎಲ್ಲ ಇವರ ಕೈಯಿಂದ. ಕರ್ನಾಟಕದ ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿಯ ನಂತರ, ಸೈನಿಕರು, ನಾವಿಕರಂಥ ಕೆಲವರ ಜಮೀನು ಬಿಟ್ಟರೆ ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಉಳುವವರಿಗೆ ನೆಲ ಕೊಟ್ಟ ಆ ಕಾಯ್ದೆಯ ಮೇಲೆ ನಮಗೆ ಗೌರವವಿದೆ. ಆದರೆ ಅದರ ನೆರಳಲ್ಲಿ ಇಂದಿನ ಗುತ್ತಿಗೆದಾರರು ಕಣ್ಣಿಗೆ ಕಾಣದವರಾಗಿದ್ದಾರೆ. ಯಾವ ಒಡೆಯರೂ ಕಾಗದಕ್ಕೆ ಸಹಿ ಹಾಕುವುದಿಲ್ಲ. ಗೇಣಿದಾರರು ಉಳುವ ನೆಲದ ಹಕ್ಕು ಕೇಳಿ ಹಾಕಿದ ಅರ್ಜಿ, ಫಾರಂ ನಂಬರ್ 7ರ ನೆನಪು ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 12ನೇ ಕಾಲಂನ ಸಾಗುವಳಿದಾರರ ಜಾಗದಲ್ಲಿಯೂ ‘ಸ್ವಂತ’. ಹೀಗಾಗಿ ಸಮೀಕ್ಷೆಯಲ್ಲಿ ಸೇವಂತಿಗೆ ಸರಿಯಾಗಿಯೇ ದಾಖಲಾಗಿ, ವಿಸ್ತೀರ್ಣವೂ ಸರಿಯಿದ್ದು, ಹಣವೂ ಸಕಾಲಕ್ಕೆ ಬಂದರೂ ಅದು ಹೋಗುವುದು ಗಿಡ ಮುಟ್ಟದವರ ಖಾತೆಗೆ. ಕೆಲವು ಒಡೆಯರು ಕರೆದು ಕೊಟ್ಟಿದ್ದಾರೆ, ಅವರಿಗೆ ಕೈಮುಗಿಯುತ್ತೇವೆ. ಸರ್ಕಾರದ ಪರಿಹಾರ ಒಡೆಯರ ಒಳ್ಳೆಯತನದ ಮೇಲೆ ನಿಲ್ಲಬಾರದು.

ನಮ್ಮ ಎರಡು ಜಿಲ್ಲೆಗಳ ಗಡಿ ದಾಟಿದರೆ ಆಂಧ್ರ. ಅಲ್ಲಿ 2019ರಲ್ಲೇ ಸಾಗುವಳಿದಾರರಿಗೆ ಹನ್ನೊಂದು ತಿಂಗಳ ಅವಧಿಯ ಕಾರ್ಡ್ ಕೊಡುವ ಕಾಯ್ದೆ ಬಂತು. ಜಮೀನಿನ ಮೇಲೆ ಯಾವ ಹಕ್ಕೂ ಬರುವುದಿಲ್ಲ, ಆ ಅವಧಿಯ ಬೆಳೆಯ ಮೇಲಷ್ಟೇ ಎಂದು ಅದರಲ್ಲಿ ಸ್ಪಷ್ಟವಿದೆ. ಆಲೋಚನೆ ಒಳ್ಳೆಯದು. ಆದರೆ ಒಡೆಯರ ಒಪ್ಪಿಗೆ ಬೇಕು ಎಂಬ ಷರತ್ತೇ ಅದಕ್ಕೆ ಮುಳ್ಳಾಯಿತು. ನಾವು ಮಾಡುವಾಗ ಆ ಮುಳ್ಳು ಬಿಟ್ಟು ಮಾಡಬೇಕು. ಸಮೀಕ್ಷೆಯ ಆ್ಯಪ್‌ನಲ್ಲಿ ‘ಈ ಹಂಗಾಮಿನಲ್ಲಿ ಬೆಳೆ ಇಟ್ಟವರು’ ಎಂದು ಒಂದೇ ಒಂದು ಖಾನೆ ಸೇರಿಸಿ. ಅದನ್ನು ತುಂಬಲು ಒಡೆಯರ ಸಹಿ ಬೇಡ. ಚಕ್ಕುಬಂದಿಯ, ಅಂದರೆ ಗಡಿಗೆ ಹೊಂದಿದ ಹೊಲದ, ಇಬ್ಬರು ಹಿಡುವಳಿದಾರರ ಹೇಳಿಕೆ, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ಮಹಜರು ಸಾಕು. ಈ ನಮೂದನ್ನು ಯಾವ ನ್ಯಾಯಾಲಯದಲ್ಲೂ ಗೇಣಿ ಹಕ್ಕಿನ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ಸಾಲನ್ನು ಕಾಯ್ದೆಯಲ್ಲೇ ಬರೆಯಿರಿ, ಬರೀ ಸುತ್ತೋಲೆಯಲ್ಲಿ ಬೇಡ. ಸುತ್ತೋಲೆಯನ್ನು ಯಾವ ಒಡೆಯರೂ ನಂಬುವುದಿಲ್ಲ. ಅವರನ್ನು ದೂರಲೂ ಆಗುವುದಿಲ್ಲ.

ದೂರದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಕೊರೊನಾ ಪರಿಹಾರ ಪ್ರಕಟಿಸಿ, ಮೇ 26ರಿಂದ ತನ್ನ ಕೌಂಟಿ ಕಚೇರಿಗಳಲ್ಲಿ ಅರ್ಜಿ ತೆಗೆದುಕೊಂಡಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ ನೆಲ ಯಾರದು ಎಂದಲ್ಲ, ಆ ಬೆಳೆಯ ನಷ್ಟದ ಹೊಣೆ ಯಾರ ತಲೆಯ ಮೇಲಿತ್ತು ಎಂದು. ಗೇಣಿಗೆ ಮಾಡುವವರು ಹೊಣೆ ಹೊತ್ತಿದ್ದರೆ ಹಣ ಅವರಿಗೆ. ಒಡೆಯರೂ ಪಾಲು ಹೊತ್ತಿದ್ದರೆ ಅವರಿಗೂ ಅಷ್ಟೇ ಪಾಲು. ಎರಡನೆಯದಾಗಿ, ಬೆಳೆ ಸತ್ತಿತೇ ಎಂದು ನೋಡಲಿಲ್ಲ, ಬೆಲೆ ಬಿದ್ದಿತೇ ಎಂದು ನೋಡಿದರು. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಶೇ 5ಕ್ಕಿಂತ ಹೆಚ್ಚು ಬೆಲೆ ಕುಸಿದ ಸರಕಿಗೆ ಪರಿಹಾರ. ಹೂವನ್ನು ಅವರೂ ಮೊದಲು ಮರೆತಿದ್ದರು, ಆಗಸ್ಟ್‌ನಲ್ಲಿ ಸೇರಿಸಿದರು. ಸೆಪ್ಟೆಂಬರ್‌ನ ಎರಡನೇ ಕಂತಿನಲ್ಲಿ ಹಣ್ಣು, ತರಕಾರಿ, ಹೂವಿಗೆ 2019ರ ಮಾರಾಟದ ಮೊತ್ತವನ್ನೇ ಆಧಾರ ಮಾಡಿಕೊಂಡು, ಸಣ್ಣ ವ್ಯಾಪಾರಕ್ಕೆ ಶೇ 10.6, ದೊಡ್ಡದಾದಂತೆ ಇಳಿಯುತ್ತ ಶೇ 8.8ರವರೆಗೆ ಕೊಟ್ಟರು. ಅಲ್ಲಿನದೆಲ್ಲ ಚೆಂದ ಎಂದಲ್ಲ. ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ಮಿತಿ ಇಟ್ಟಿದ್ದರಿಂದ ದೊಡ್ಡ ಕುಳಗಳಿಗೇ ದೊಡ್ಡ ಪಾಲು ಹೋಯಿತು. ನಮ್ಮ ಒಂದು ಹೆಕ್ಟೇರ್ ಮಿತಿ ಅದಕ್ಕಿಂತ ಎಷ್ಟೋ ನ್ಯಾಯದ್ದು. ಆದರೆ ಆ ಎರಡು ಪ್ರಶ್ನೆಗಳನ್ನು ನಾವೂ ಕೇಳಬೇಕಿತ್ತು.

ಬೆಲೆಯ ಲೆಕ್ಕಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ದರ ದಿನವೂ ದಾಖಲಾಗುತ್ತದೆ. ಹೂವಿನ ಮಂಡಿಗಳಲ್ಲಿ ತೂಕ, ದರ, ಕಮಿಷನ್ ಬರೆದ ಚೀಟಿ ಕೊಡುತ್ತಾರೆ. ಹಿಂದಿನ ಮೂರು ವರ್ಷದ ಅದೇ ಹದಿನೈದು ದಿನಗಳ ಸರಾಸರಿ ಬೆಲೆಯ ಪಕ್ಕ ಆ ವರ್ಷದ ಬೆಲೆ ಇಟ್ಟರೆ ಕುಸಿತ ಎಷ್ಟೆಂದು ಒಂದು ದಿನದಲ್ಲಿ ಗೊತ್ತಾಗುತ್ತದೆ. ವಿಕೋಪ ಪರಿಹಾರದ ನಿಯಮ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿರಬೇಕು ಎನ್ನುತ್ತದೆ. ಲಾಕ್‌ಡೌನ್‌ನಲ್ಲಿ ಬೆಳೆ ಕಣ್ಣೆದುರು ನಿಂತೇ ಇತ್ತು, ಮಾರುಕಟ್ಟೆ ಸತ್ತಿತ್ತು. ಹಾಗೆ ಮಾರುಕಟ್ಟೆ ಸತ್ತಾಗ ಅಳೆಯುವ ಕೋಲು ಆ ನಿಯಮದಲ್ಲಿ ಇಲ್ಲ. ಹೂವು ಬೆಳೆದವರ ಘೋಷಣೆಗೆ ಆರು ವಾರ ಹಿಡಿದದ್ದಕ್ಕೆ ಇದೂ ಒಂದು ಕಾರಣ ಎಂದೇ ನಮ್ಮ ಎಣಿಕೆ.

ಇನ್ನು ಹಣ ಖಾತೆಗೆ ಸೇರುವ ಕೊನೆಯ ಗಜದ ಕಷ್ಟ. ಅರ್ಜಿಯಲ್ಲಿ ಬರೆದ ಖಾತೆಗೇ ದುಡ್ಡು ಬರುತ್ತದೆ ಎಂದು ಈಗಲೂ ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ. ಮಗಳ ವಿದ್ಯಾರ್ಥಿವೇತನಕ್ಕೆಂದೋ, ಚಿನ್ನದ ಸಾಲಕ್ಕೆಂದೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಾಗ ಜೋಡಣೆ ಅತ್ತ ಹೊರಳಿರುತ್ತದೆ. ಆ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ, ಕೆವೈಸಿ ಬಾಕಿಯಿದ್ದರೆ ಹಣ ವಾಪಸ್. ಇತ್ತ ರೈತರು ಹಳೆಯ ಪಾಸ್‌ಬುಕ್ ಹಿಡಿದು ಕಾಯುತ್ತಲೇ ಇರುತ್ತಾರೆ. ನೋಂದಾಯಿತ ಮೊಬೈಲಿನಿಂದ \*99\*99\*1# ಒತ್ತಿ ಆಧಾರ್ ಸಂಖ್ಯೆ ಕೊಟ್ಟರೆ ಜೋಡಣೆ ಇದೆಯೇ ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ನಮೂನೆಯನ್ನೇ ಕೇಳಿ ತುಂಬಿಕೊಡಬೇಕು. ಖಾತೆಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಎರಡೂ ಒಂದೇ ಎಂದುಕೊಂಡು ಮೋಸಹೋದವರೇ ಹೆಚ್ಚು.

ಹೆಸರಿನದು ಇನ್ನೊಂದು ಗೋಳು. ಪಹಣಿಯಲ್ಲಿ ‘ವೆಂಕಟೇಶಪ್ಪ ಬಿನ್ ಮುನಿಯಪ್ಪ’, ಆಧಾರ್‌ನಲ್ಲಿ ‘ವೆಂಕಟೇಶ್ ಎಂ’. ಊರಿಗೆಲ್ಲ ಒಬ್ಬರೇ, ಕಂಪ್ಯೂಟರಿಗೆ ಇಬ್ಬರು. ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿದ್ದರೂ ಪಕ್ಕದ ಹೋಬಳಿಯ ಸರ್ವೆ ನಂಬರ್ ಅದರಲ್ಲಿ ಸೇರಿಲ್ಲದಿದ್ದರೆ ಅಲ್ಲಿನ ಬೆಳೆ ಲೆಕ್ಕಕ್ಕೇ ಬರುವುದಿಲ್ಲ. ಇದು 2023ರ ಬರದಲ್ಲಿಯೂ ಎದುರಾದ ತೊಂದರೆ. ಜಮೀನು ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದ್ದರೆ ಎಫ್‌ಐಡಿಯೇ ಆಗುವುದಿಲ್ಲ. ಗಂಡ ತೀರಿಕೊಂಡು, ಮಾವನ ಹೆಸರಿನ ಜಮೀನಿನಲ್ಲಿ ಒಂಟಿಯಾಗಿ ಮಲ್ಲಿಗೆ ಬೆಳೆಯುವ ಹೆಣ್ಣುಮಕ್ಕಳು ಈ ಗುಂಪಿನಲ್ಲಿ ಬಹಳ. ಮರಣ ಪತ್ರ, ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ) ಎಂದು ನಾಡಕಚೇರಿ ಹತ್ತಿ ಇಳಿಯುವಷ್ಟರಲ್ಲಿ ಭಾಗಕ್ಕೆ ಬರುವ ಮೈದುನಂದಿರ ತಕರಾರು ಏಳುತ್ತದೆ. ಖಾತೆಯ ವ್ಯಾಜ್ಯ ಬಗೆಹರಿಯುವವರೆಗೆ ಬೆಳೆಯ ಪರಿಹಾರ ತಡೆಯಬೇಡಿ. ನೆಲದ ಹಕ್ಕು ಬೇರೆ, ಈ ಹಂಗಾಮಿನ ಹೂವು ಬೇರೆ.

ಹಣ ವಾಪಸ್ ಹೋದಾಗ ಏಕೆ ಹೋಯಿತು ಎಂಬುದು ಖಜಾನೆಗೆ ಗೊತ್ತಿರುತ್ತದೆ, ರೈತರಿಗೆ ಗೊತ್ತಿರುವುದಿಲ್ಲ. ಫಲಾನುಭವಿಗಳ ಪಟ್ಟಿಯನ್ನು ಅಂಟಿಸುವ ಪಂಚಾಯಿತಿ ಗೋಡೆಯ ಮೇಲೆಯೇ ವಾಪಸಾದವರ ಪಟ್ಟಿಯನ್ನೂ ಅಂಟಿಸಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಬೇಡ, ಹೆಸರು, ಸರ್ವೆ ನಂಬರ್, ಕಾರಣ ಸಾಕು. ‘ಆಧಾರ್ ಜೋಡಣೆ ಇಲ್ಲ’, ‘ಖಾತೆ ನಿಷ್ಕ್ರಿಯ’, ‘ಹೆಸರು ಹೊಂದಿಲ್ಲ’ ಎಂದು ಕನ್ನಡದಲ್ಲಿ ಬರೆಯಿರಿ, ಕೋಡ್ ಸಂಖ್ಯೆ ಬೇಡ. ಅಲ್ಲಿಂದ ತೊಂಬತ್ತು ದಿನ ಆ ಹಣವನ್ನು ಅವರ ಹೆಸರಿನಲ್ಲೇ ಹಿಡಿದಿಡಿ. ಪರಿಹಾರವನ್ನು ಬ್ಯಾಂಕಿನವರು ಸಾಲದ ಬಾಕಿಗೆ ಜಮಾ ಮಾಡಿಕೊಳ್ಳಬಾರದು ಎಂಬ ಸಾಲು ಮೂಲ ಆದೇಶದಲ್ಲೇ ಇರಲಿ, ದೂರು ಬಂದ ಮೇಲೆ ಹೊರಡಿಸುವ ಪತ್ರದಲ್ಲಿ ಬೇಡ.

ರೈತ ಬಂಧುಗಳಿಗೂ ಒಂದು ಮಾತು. ಸರ್ಕಾರ ತಿದ್ದಿಕೊಳ್ಳುವವರೆಗೆ ಕಾಯಬೇಡಿ. ನಾಟಿ ಮಾಡಿದ ದಿನ ಹೊಲದಲ್ಲಿ ನಿಂತು ಮೊಬೈಲಿನ ಲೊಕೇಶನ್ ಆನ್ ಮಾಡಿ ಒಂದು ಫೋಟೊ, ಹೂವು ಬಂದಾಗ ಒಂದು, ಉತ್ತುಹಾಕುವ ಹಿಂದಿನ ದಿನ ಇನ್ನೊಂದು ತೆಗೆಯಿರಿ. ನರ್ಸರಿಯ ಸಸಿಯ ಬಿಲ್ಲು, ಮಂಡಿಯ ಚೀಟಿ ಒಂದು ಕವರಿನಲ್ಲಿ ಹಾಕಿಡಿ. ಮಂಡಿ ಚೀಟಿಯ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಅದರದೂ ಫೋಟೊ ತೆಗೆದಿಡಿ. ಅರ್ಜಿ ಕೊಟ್ಟಾಗ ಸೀಲು, ತಾರೀಖು ಇರುವ ಸ್ವೀಕೃತಿ ಇಲ್ಲದೆ ಮೆಟ್ಟಿಲಿಳಿಯಬೇಡಿ.

ಸಚಿವರೇ, ಮುಂದಿನ ಮುಂಗಾರು ಸಮೀಕ್ಷೆಯ ಆ್ಯಪ್ ತೆರೆಯುವ ಮೊದಲು ನಿಮ್ಮಿಂದ ಆಗಬೇಕಾದದ್ದು ಎರಡು. ಬೆಳೆ ಇಟ್ಟವರ ಹೆಸರಿನ ಆ ಖಾನೆ. ತೊಂಬತ್ತು ದಿನದೊಳಗೆ ಮುಗಿಯುವ ಬೆಳೆಗಳಿಗೆ, ಹಂಗಾಮಿನ ಹಂಗಿಲ್ಲದೆ, ವರ್ಷವಿಡೀ ನಾಟಿಯ ದಿನವೇ ದಾಖಲಿಸುವ ಅವಕಾಶ. ಇವೆರಡಕ್ಕೂ ಹೊಸ ಕಚೇರಿ ಬೇಡ, ಹೊಸ ಹುದ್ದೆಯೂ ಬೇಡ. ಕಾಯ್ದೆಯ ಆ ಒಂದು ಸಾಲಿಗೆ ಮುಂದಿನ ಅಧಿವೇಶನದವರೆಗೆ ಕಾಯಲು ಸಿದ್ಧರಿದ್ದೇವೆ. ಆ್ಯಪ್‌ಗೆ ಅಷ್ಟು ದಿನ ಬೇಕಾಗುವುದಿಲ್ಲ. ಯಾವ ದಿನಾಂಕದೊಳಗೆ ಮಾಡುತ್ತೀರಿ ಎಂದು ತಿಳಿಸಿ.

ಇಂತಿ,
ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೂವು, ತರಕಾರಿ ಬೆಳೆಗಾರರ ಅರ್ಜಿ, ದಾಖಲೆಗಳ ಕೆಲಸದಲ್ಲಿ ತೊಡಗಿರುವವರು